ಗ್ರೀಕರಿಗೆ ‘ನಮ್ಮವರು’ ಅಂದರೆ ಯಾರು? ಬಣ್ಣವೋ, ಮಾತೋ, ರಕ್ತವೋ, ಮಣ್ಣೋ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮಗಳು ಬಿ.ಎ. ಎರಡನೇ ವರ್ಷದಲ್ಲಿ ಇತಿಹಾಸ ಓದುತ್ತಿದ್ದಾಳೆ. ಮೊನ್ನೆ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿದಳು, ನನಗೆ ಉತ್ತರ ಹೊಳೆಯಲಿಲ್ಲ. ಪೇಪರಿನಲ್ಲಿ ‘ಬರ್ಬರ ಹತ್ಯೆ’ ಅಂತ ಬರೆಯುತ್ತಾರಲ್ಲ, ಆ ಬರ್ಬರಕ್ಕೂ ಗ್ರೀಕರ ‘ಬಾರ್ಬರೋಸ್’ಗೂ ಸಂಬಂಧ ಇದೆಯಾ? ಗ್ರೀಕರು ತಮ್ಮವರಲ್ಲದ ಎಲ್ಲರನ್ನೂ ಹಾಗೆ ಕರೆಯುತ್ತಿದ್ದರಂತೆ. ಹಾಗಾದರೆ ಈಗ ನಾವು ಕಾಣುವ ವರ್ಣಭೇದ ಆಗಲೇ ಅವರಲ್ಲಿ ಇತ್ತಾ? ‘ನಾನು ಗ್ರೀಕ’ ಅಂತ ಹೇಳಿಕೊಳ್ಳಲು ಏನು ಬೇಕಿತ್ತು? ಮೈಬಣ್ಣ ನೋಡುತ್ತಿದ್ದರಾ, ಅಪ್ಪ ಅಮ್ಮ ಯಾರು ಅಂತ ಕೇಳುತ್ತಿದ್ದರಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಅವಳೂ ಓದುತ್ತಾಳೆ.

ನಿವೃತ್ತ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಪದದಿಂದಲೇ ಶುರು ಮಾಡೋಣ.

‘ಬಾರ್ಬರೋಸ್’ ಮೊದಲಿಗೆ ಬೈಗುಳವಲ್ಲ. ಅರ್ಥವಾಗದ ಮಾತು ಕಿವಿಗೆ ‘ಬರ್ ಬರ್’ ಅಂತ ಕೇಳಿಸುತ್ತದೆ, ಅಲ್ವಾ? ಅಷ್ಟೇ. ಸಂಸ್ಕೃತದ ‘ಬರ್ಬರ’ಕ್ಕೂ ತೊದಲು ಮಾತಿನ ನಂಟಿದೆ. ಒಂದು ಇನ್ನೊಂದರಿಂದ ಬಂತೋ, ಎರಡೂ ಕಡೆ ಕಿವಿ ಒಂದೇ ಥರ ಕೇಳಿಸಿಕೊಂಡಿತೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮ್ಮ ‘ಮ್ಲೇಚ್ಛ’ ಕೂಡ ಅಸ್ಪಷ್ಟ ಮಾತಿನಿಂದಲೇ ಹುಟ್ಟಿದ ಪದ. ಅಂದರೆ ಇಲ್ಲೂ ಅಲ್ಲೂ ಪರಕೀಯನನ್ನು ಮೊದಲು ಗುರುತಿಸಿದ್ದು ಕಣ್ಣಲ್ಲ, ಕಿವಿ.

ಹೋಮರನ ಇಲಿಯಡ್‌ನಲ್ಲಿ ಈ ಪದ ಒಂದೇ ಕಡೆ ಬರುತ್ತದೆ. ಈಗಿನ ಟರ್ಕಿಯ ನೈಋತ್ಯದಲ್ಲಿದ್ದ ಕೇರಿಯಾದ ಜನರನ್ನು ‘ಬರ್ಬರ ನುಡಿಯವರು’ ಅನ್ನುತ್ತಾನೆ. ಟ್ರಾಯ್‌ಗೆ ಹೋದ ಎಲ್ಲರನ್ನೂ ಸೇರಿಸಿ ‘ಹೆಲೆನರು’ (ಗ್ರೀಕರು ತಮಗೆ ಇಟ್ಟುಕೊಂಡ ಹೆಸರು) ಅಂತಲೂ ಅವನು ಕರೆಯುವುದಿಲ್ಲ. ಇದನ್ನು ನಾವು ಈಗ ಕಂಡುಹಿಡಿದದ್ದಲ್ಲ. ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಥುಸಿಡಿಡಿಸನೇ ಗಮನಿಸಿ ಬರೆದಿದ್ದಾನೆ. ತಮಗೆಲ್ಲ ಸೇರಿ ಒಂದು ಹೆಸರು ಇಲ್ಲದಿದ್ದಾಗ ಉಳಿದವರಿಗೆಲ್ಲ ಒಂದು ಹೆಸರು ಇಡುವ ಅಗತ್ಯವೂ ಇರಲಿಲ್ಲ ಅನ್ನುವುದು ಅವನ ತರ್ಕ. ನನಗೆ ಬಹಳ ಇಷ್ಟವಾದ ಮಾತು ಇದು.

ಬದಲಾದದ್ದು ಪರ್ಷಿಯಾದ ಜೊತೆ ಯುದ್ಧ ಆದ ಮೇಲೆ. ಕ್ರಿ.ಪೂ. 490ರಲ್ಲಿ ಮ್ಯಾರಥಾನ್, 480ರಲ್ಲಿ ಸಲಾಮಿಸ್. 472ರಲ್ಲಿ ಅಥೆನ್ಸ್‌ನ ನಾಟಕಕಾರ ಈಸ್ಕಿಲಸ್ ‘ಪರ್ಷಿಯನ್ನರು’ ನಾಟಕ ಆಡಿಸಿದ. ಅದರಲ್ಲಿ ಪರ್ಷಿಯನ್ನರೇ ತಮ್ಮನ್ನು ‘ಬರ್ಬರರು’ ಅಂತ ಕರೆದುಕೊಳ್ಳುತ್ತಾರೆ. ಆದರೆ ಅದೇ ನಾಟಕದಲ್ಲಿ ರಾಜಮಾತೆ ಅಟೋಸಾಳಿಗೆ ಬೀಳುವ ಕನಸನ್ನು ಓದಬೇಕು. ಇಬ್ಬರು ಹೆಂಗಸರು, ಒಬ್ಬಳದು ಪರ್ಷಿಯಾದ ಉಡುಗೆ, ಇನ್ನೊಬ್ಬಳದು ಗ್ರೀಕ್ ಉಡುಗೆ. ಕವಿ ಅವರನ್ನು ಒಂದೇ ಕುಲದ ಅಕ್ಕತಂಗಿಯರು ಅನ್ನುತ್ತಾನೆ. ಬರೆದವನು ಮ್ಯಾರಥಾನಿನಲ್ಲಿ ಖುದ್ದು ಹೋರಾಡಿದವನು. ಅವನ ಸಹೋದರ ಸತ್ತದ್ದು ಆ ಯುದ್ಧದಲ್ಲೇ.

ಹಳೆಗನ್ನಡಿ

ಮೇಷ್ಟ್ರು ಕಿವಿಯ ವಿಷಯ ಹೇಳಿದರು. ನಾನು ಕಣ್ಣಿನ ವಿಷಯ ಸೇರಿಸುತ್ತೇನೆ.

ಬಣ್ಣ ಅವರ ಕಣ್ಣಿಗೆ ಬೀಳುತ್ತಿತ್ತು. ‘ಇಥಿಯೋಪಿಯಾ’ ಅನ್ನುವ ಹೆಸರಿನ ಅರ್ಥವೇ ಸುಟ್ಟ ಮುಖದವರ ನಾಡು. ಆದರೆ ಹೋಮರನಲ್ಲಿ ಅವರು ದೋಷವಿಲ್ಲದ ಜನ, ದೇವತೆಗಳು ಅವರ ಮನೆಗೆ ಹಬ್ಬದೂಟಕ್ಕೆ ಹೋಗುತ್ತಾರೆ. ಇತಿಹಾಸಕಾರ ಹೆರೊಡೊಟಸ್ ಅವರನ್ನು ಲೋಕದಲ್ಲೇ ಎತ್ತರದ, ಚೆಲುವಾದ ಜನ ಅಂತ ಹೇಳುವವರಿದ್ದಾರೆ ಎಂದು ಬರೆಯುತ್ತಾನೆ. ಇನ್ನು ಬಿಳಿ ಬಣ್ಣ? ಗಂಡಸನ್ನು ಬೆಳ್ಳಗಿದ್ದಾನೆ ಅಂದರೆ ಅದು ಹೊಗಳಿಕೆಯಲ್ಲ. ಬಿಸಿಲಿಗೆ ಹೋಗದೆ ಮನೆಯೊಳಗೆ ಕೂತವನು ಅಂತ ಅರ್ಥ. ಹೂಜಿಗಳ ಮೇಲಿನ ಹಳೆಯ ಚಿತ್ರಗಳಲ್ಲಿ ಹೆಂಗಸರಿಗೆ ಬಿಳಿ, ಗಂಡಸರಿಗೆ ಕಪ್ಪು ಬಳಿಯುತ್ತಿದ್ದರು. ತಮ್ಮನ್ನು ‘ಬಿಳಿಯ ಜನ’ ಅಂತ ಅವರು ಎಣಿಸಿಕೊಂಡಿರಲಿಲ್ಲ.

ಒಂದು ನಾಟಕದ ದೃಶ್ಯ ಹೇಳುತ್ತೇನೆ. ಇದೂ ಈಸ್ಕಿಲಸನದೇ, ‘ಶರಣಾರ್ಥಿನಿಯರು’, ಕ್ರಿ.ಪೂ. 463ರ ಸುಮಾರಿನದು. ಡನಾವಸ್ ಎಂಬುವನ ಹೆಣ್ಣುಮಕ್ಕಳು ಬೇಡದ ಮದುವೆಯಿಂದ ತಪ್ಪಿಸಿಕೊಂಡು ಈಜಿಪ್ಟಿನಿಂದ ಗ್ರೀಸ್‌ನ ಆರ್ಗಾಸ್‌ಗೆ ಓಡಿಬರುತ್ತಾರೆ. ಬಿಸಿಲು ಬಡಿದು ಕಪ್ಪಾದ ಕುಲ ನಮ್ಮದು ಅಂತ ತಾವೇ ಹೇಳಿಕೊಳ್ಳುತ್ತಾರೆ. ನಾವು ಆರ್ಗಾಸ್‌ನವರೇ ಅಂತಲೂ ಅನ್ನುತ್ತಾರೆ. ಅಲ್ಲಿನ ರಾಜ ಪೆಲಾಸ್ಗಸ್ ನಂಬುವುದಿಲ್ಲ. ನೀವು ಲಿಬಿಯಾದ ಹೆಂಗಸರ ಥರ ಕಾಣುತ್ತೀರಿ, ನೈಲ್ ನದಿ ಕಡೆಯವರ ಥರ, ಒಂಟೆ ಏರುವ ಇಂಡಿಯಾದವರ ಥರ ಅನ್ನುತ್ತಾನೆ. ಹೌದು, ನಮ್ಮ ಹೆಸರೂ ಬರುತ್ತದೆ! ಆಗ ಅವರು ವಂಶದ ಕಥೆ ಹೇಳುತ್ತಾರೆ. ನಮ್ಮ ಮೂಲ ಅಜ್ಜಿ ಅಯೋ ಇದೇ ಆರ್ಗಾಸ್‌ನವಳು, ಇಲ್ಲಿಂದ ಈಜಿಪ್ಟಿಗೆ ಹೋದವಳು. ಒಂದೊಂದೇ ಹೆಸರು ಕೂಡಿಬರುತ್ತದೆ. ರಾಜ ಒಪ್ಪುತ್ತಾನೆ. ಅಷ್ಟಾದರೂ ತಾನೊಬ್ಬನೇ ತೀರ್ಮಾನ ಮಾಡುವುದಿಲ್ಲ, ಜನರ ಸಭೆಗೆ ಒಯ್ಯುತ್ತಾನೆ. ಎಲ್ಲರೂ ಬಲಗೈ ಎತ್ತುತ್ತಾರೆ.

ಮೈಬಣ್ಣ ಅಲ್ಲಿ ಅನುಮಾನ ಹುಟ್ಟಿಸಿತು, ಆದರೆ ಬಾಗಿಲು ಹಾಕಲಿಲ್ಲ. ಬಾಗಿಲು ತೆರೆದದ್ದು ವಂಶಾವಳಿ.

ಶರಾವತಿ

@ಹಳೆಗನ್ನಡಿ, ನೀವು ಹೇಳಿದ್ದು ಸರಿ. ಆದರೆ ಬಣ್ಣದ ಭೇದ ಇರಲಿಲ್ಲ ಅಂದ ಕೂಡಲೇ ಗ್ರೀಕರು ಒಳ್ಳೆಯವರು ಅನ್ನುವ ಕಡೆ ಮಾತು ಜಾರುತ್ತದೆ. ನನಗೆ ಅದು ಕಷ್ಟ.

ಅಥೆನ್ಸ್‌ನಲ್ಲಿ ಗುಲಾಮರು ಯಾರು? ಕ್ರಿ.ಪೂ. 415ರಲ್ಲಿ ದೇವರ ವಿಷಯದಲ್ಲಿ ಅಪಚಾರ ಮಾಡಿದರು ಅಂತ ಕೆಲವು ಶ್ರೀಮಂತರಿಗೆ ಶಿಕ್ಷೆಯಾಯಿತು. ಅವರ ಆಸ್ತಿಯನ್ನು ಹರಾಜು ಹಾಕಿದ ಲೆಕ್ಕ ಕಲ್ಲಿನ ಮೇಲೆ ಉಳಿದಿದೆ. ಮಂಚ, ಪಾತ್ರೆ, ಜಮೀನಿನ ಜೊತೆಗೆ ಮನುಷ್ಯರದ್ದೂ ಬೆಲೆ. ಗ್ರೀಸ್‌ನ ಉತ್ತರದ ಥ್ರೇಸ್‌ನವನು, ಕೇರಿಯಾದವನು, ಸಿರಿಯಾದವನು, ಸಿಥಿಯಾದವನು. ಹಲವರಿಗೆ ಸ್ವಂತ ಹೆಸರಿನ ಬದಲು ನಾಡಿನ ಹೆಸರನ್ನೇ ಇಡುತ್ತಿದ್ದರು. ಹೆಂಗಸಾದರೆ ‘ಥ್ರಾಟಾ’, ಅಂದರೆ ಥ್ರೇಸ್‌ನವಳು. ಥ್ರೇಸ್‌ನವರು ಕಪ್ಪಲ್ಲ ನೋಡಿ. ಕೆಂಪು ಕೂದಲು, ನೀಲಿ ಕಣ್ಣಿನವರು ಅಂತ ಕವಿ ಝೆನೊಫನೀಸನೇ ಬಣ್ಣಿಸಿದ್ದಾನೆ. ಅವರನ್ನು ಕೀಳಾಗಿ ಕಾಣಲು ಬಣ್ಣದ ಅಗತ್ಯವೇ ಬೀಳಲಿಲ್ಲ.

ಇದಕ್ಕೆ ಶಾಸ್ತ್ರದ ಮುಸುಕೂ ಬಂತು. ವೈದ್ಯ ಹಿಪಾಕ್ರಟೀಸನ ಹೆಸರಿನಲ್ಲಿರುವ ‘ಗಾಳಿ, ನೀರು, ನೆಲ’ ಗ್ರಂಥ ಹೇಳುತ್ತದೆ: ಏಷ್ಯಾದ ಹವೆ ಹಿತ, ಅದಕ್ಕೇ ಜನ ಮೆತ್ತಗೆ. ಪುಣ್ಯಕ್ಕೆ ಅದೇ ಗ್ರಂಥ ಇನ್ನೊಂದು ಮಾತೂ ಹೇಳುತ್ತದೆ. ಏಷ್ಯಾದಲ್ಲೇ ರಾಜನ ಕೈಕೆಳಗಿಲ್ಲದವರು, ಗ್ರೀಕರಾಗಲಿ ಬರ್ಬರರಾಗಲಿ, ಎಲ್ಲರಿಗಿಂತ ಶೂರರು ಅನ್ನುತ್ತದೆ. ಅರಿಸ್ಟಾಟಲ್ ಅಷ್ಟು ಜಾಗ ಬಿಡಲಿಲ್ಲ. ಚಳಿ ದೇಶದವರಿಗೆ ಕೆಚ್ಚಿದೆ, ಬುದ್ಧಿ ಸಾಲದು. ಏಷ್ಯಾದವರಿಗೆ ಬುದ್ಧಿಯಿದೆ, ಕೆಚ್ಚಿಲ್ಲ. ನಡುವೆ ಇರುವ ಗ್ರೀಕರಿಗೆ ಎರಡೂ ಇದೆ. ಕೆಲವರು ಹುಟ್ಟಿನಿಂದಲೇ ಗುಲಾಮರು ಅಂತ ವಾದ ಕಟ್ಟಿದವನೂ ಅವನೇ. ಇದನ್ನು ವರ್ಣಭೇದ ಅನ್ನಬಾರದು ಅಂದರೆ ಬೇರೆ ಪದ ಕೊಡಿ. ಆದರೆ ಹುಟ್ಟಿದ ಕಡೆಯಿಂದಲೇ ಮನುಷ್ಯನ ಬೆಲೆ ಕಟ್ಟುವುದು ಅನ್ನುವುದಂತೂ ನಿಜ ತಾನೇ?

ನಿವೃತ್ತ ಮೇಷ್ಟ್ರು

ಶರಾವತಿಯವರ ಮಾತು ಒಪ್ಪುತ್ತೇನೆ. ಆದರೆ ಗ್ರೀಕರೊಳಗೇ ಇದಕ್ಕೆ ಎದುರಾಡಿದವರಿದ್ದರು, ಅವರನ್ನು ಮರೆಯಬಾರದು. ಆಂಟಿಫಾನ್ ಎಂಬ ಚಿಂತಕನ ಬರಹದ ತುಣುಕುಗಳು ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬದಲ್ಲಿ ಸಿಕ್ಕವು. ಹುಟ್ಟಿನಿಂದ ನಾವೆಲ್ಲ ಒಂದೇ ಥರ, ಗ್ರೀಕರೂ ಬರ್ಬರರೂ, ಎಲ್ಲರೂ ಬಾಯಿ ಮೂಗಿನಿಂದಲೇ ಉಸಿರಾಡುತ್ತೇವೆ ಅಂತ ಅದರಲ್ಲಿದೆ. ಪ್ಲೇಟೋ ಒಂದು ಸಂವಾದದಲ್ಲಿ ಮನುಷ್ಯರನ್ನು ‘ಗ್ರೀಕರು, ಉಳಿದವರು’ ಅಂತ ಎರಡು ಮಾಡುವುದೇ ತಪ್ಪು ಅನ್ನಿಸುತ್ತಾನೆ. ಕೊಕ್ಕರೆಗಳಿಗೆ ಬುದ್ಧಿ ಇದ್ದಿದ್ದರೆ ಅವೂ ‘ಕೊಕ್ಕರೆಗಳು, ಉಳಿದ ಪ್ರಾಣಿಗಳು’ ಅಂತ ವಿಂಗಡಿಸಿ, ನಮ್ಮನ್ನೂ ದನಕರುಗಳ ಜೊತೆಗೆ ಸೇರಿಸುತ್ತಿದ್ದವು.

ಮೂಲ ಪ್ರಶ್ನೆಗೆ ಬರುತ್ತೇನೆ. ಗ್ರೀಕನಾಗಲು ಏನು ಬೇಕು? ಎಲ್ಲರೂ ಉದ್ಧರಿಸುವ ಮಾತು ಹೆರೊಡೊಟಸನದು. ಒಂದೇ ರಕ್ತ, ಒಂದೇ ನುಡಿ, ಒಂದೇ ದೇವಸ್ಥಾನ ಮತ್ತು ಬಲಿ, ಒಂದೇ ರೀತಿನೀತಿ. ಆದರೆ ಅದನ್ನು ಯಾರು ಯಾವಾಗ ಹೇಳಿದರು ನೋಡಿ. ಸಲಾಮಿಸ್ ಗೆದ್ದ ಮೇಲಿನ ಚಳಿಗಾಲ. ಅಥೆನ್ಸ್‌ಗೆ ಪರ್ಷಿಯಾದಿಂದ ರಾಜಿಯ ಮಾತು ಬಂದಿದೆ. ಸ್ಪಾರ್ಟಾದವರಿಗೆ ಹೆದರಿಕೆ, ಇವರೆಲ್ಲಿ ಆ ಕಡೆ ವಾಲುತ್ತಾರೋ ಅಂತ. ಆಗ ಅಥೆನ್ಸ್‌ನವರು ಕೊಟ್ಟ ಭರವಸೆ ಅದು. ಗ್ರೀಕರೆಲ್ಲ ಒಂದೇ ಅನ್ನುವುದನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು, ಅದು ಮುರಿಯುವ ಹಾಗಿದ್ದಾಗ. ಆ ಯುದ್ಧದಲ್ಲಿ ಥೀಬ್ಸ್‌ನಂಥ ಗ್ರೀಕ್ ಊರುಗಳೇ ಪರ್ಷಿಯಾದ ಪರ ನಿಂತಿದ್ದವು.

ಬರೆದ ಹೆರೊಡೊಟಸನಾದರೂ ಯಾರು? ಕೇರಿಯಾದ ನೆಲದ ಹಲಿಕಾರ್ನಾಸಸ್‌ನವನು, ಹೋಮರ್ ‘ಬರ್ಬರ ನುಡಿ’ ಅಂದ ಅದೇ ಕೇರಿಯಾ. ಅವನ ತಂದೆಯ ಹೆಸರು ಲಿಕ್ಸಿಸ್. ಅದು ಕೇರಿಯಾದ ಹೆಸರು ಅಂತಲೇ ವಿದ್ವಾಂಸರು ಭಾವಿಸುತ್ತಾರೆ. ಗ್ರೀಕರ ಮತ್ತು ಬರ್ಬರರ ದೊಡ್ಡ ಕೆಲಸಗಳು ಮರೆತುಹೋಗಬಾರದು ಅಂತ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಿ ಅವನು ಪುಸ್ತಕ ಶುರು ಮಾಡುತ್ತಾನೆ.

ಹಳೆಗನ್ನಡಿ

ಮೇಷ್ಟ್ರೇ, ಇಷ್ಟು ಹೊತ್ತು ನಾವು ‘ಗ್ರೀಕ’ ಅಂದರೆ ಯಾರು ಅಂತ ನೋಡಿದೆವು. ಆದರೆ ಬದುಕಿನಲ್ಲಿ ಅದಕ್ಕಿಂತ ಜಾಸ್ತಿ ನೋವು ಕೊಟ್ಟ ಪ್ರಶ್ನೆ ಬೇರೆ. ‘ಅಥೆನ್ಸ್‌ನವ’ ಅಂದರೆ ಯಾರು?

ನಾವು ‘ಮಣ್ಣಿನ ಮಗ’ ಅನ್ನುತ್ತೇವಲ್ಲ, ಅಥೆನ್ಸ್‌ನವರು ಅದನ್ನು ಅಕ್ಷರಶಃ ನಂಬಿದ್ದರು. ಅವರ ಮೂಲಪುರುಷ ಎರಿಕ್ಥೋನಿಯಸ್ ಭೂಮಿಯಿಂದಲೇ ಹುಟ್ಟಿ ಬಂದವನು. ಉಳಿದ ಗ್ರೀಕರು ಎಲ್ಲಿಂದಲೋ ವಲಸೆ ಬಂದವರು, ನಾವು ಮಾತ್ರ ಇದೇ ಮಣ್ಣಿನವರು ಅನ್ನುವ ಹೆಮ್ಮೆ. ಹಿರಿಯರು ತಲೆಗೂದಲಿಗೆ ಚಿನ್ನದ ಜೀರುಂಡೆ ಸಿಕ್ಕಿಸಿಕೊಳ್ಳುತ್ತಿದ್ದರು, ಜೀರುಂಡೆಯೂ ಮಣ್ಣಿನೊಳಗಿಂದ ಏಳುತ್ತದಲ್ಲ. ಥುಸಿಡಿಡಿಸ್ ಕೊಡುವ ಕಾರಣ ಇನ್ನೂ ಸರಳ. ಅಥೆನ್ಸ್ ಸುತ್ತಲಿನ ಆಟಿಕಾದ ನೆಲ ಬರಡು, ಅದಕ್ಕೇ ಯಾರೂ ಕಿತ್ತುಕೊಳ್ಳಲು ಬರಲಿಲ್ಲ.

ಕ್ರಿ.ಪೂ. 451ರಲ್ಲಿ ಅಥೆನ್ಸ್‌ನ ಮುಖಂಡ ಪೆರಿಕ್ಲಿಸ್ ಒಂದು ಕಾನೂನು ತಂದ. ಅಪ್ಪ ಅಮ್ಮ ಇಬ್ಬರೂ ಅಥೆನ್ಸ್‌ನವರಾಗಿದ್ದರೆ ಮಾತ್ರ ಪೌರತ್ವ. ಅದಕ್ಕೆ ಮೊದಲು ಅಪ್ಪ ಆಗಿದ್ದರೆ ಸಾಕಿತ್ತು. ಸಲಾಮಿಸ್ ಗೆಲ್ಲಿಸಿದ ಥೆಮಿಸ್ಟೊಕ್ಲಿಸನ ತಾಯಿ ಹೊರಗಿನವಳು ಅಂತ ಜೀವನಚರಿತ್ರೆಗಳನ್ನು ಬರೆದ ಪ್ಲುಟಾರ್ಕ್ ಹೇಳುತ್ತಾನೆ. ಸೇನಾಪತಿ ಸೈಮನ್‌ನ ತಾಯಿ ಥ್ರೇಸ್‌ನ ರಾಜನ ಮಗಳು. ಈ ಕಾನೂನು ಎಂಬತ್ತು ವರ್ಷ ಮೊದಲೇ ಇದ್ದಿದ್ದರೆ ಇಬ್ಬರೂ ಪರಕೀಯರು. ಗಮನಿಸಿ, ಇದು ಬರ್ಬರರನ್ನು ಮಾತ್ರ ಹೊರಗಿಟ್ಟ ಕಾನೂನಲ್ಲ. ಪಕ್ಕದೂರಿನ ಗ್ರೀಕನೂ ಹೊರಗೆ.

ಕಾನೂನು ಬರೆದವನ ಮನೆಗೇ ಅದು ಬಂತು. ಪೆರಿಕ್ಲಿಸ್ ಜೊತೆ ಬಾಳಿದ ಅಸ್ಪೇಸಿಯಾ ಮೈಲೀಟಸ್‌ನವಳು. ಪ್ಲೇಗಿನಲ್ಲಿ ಅವನ ಮೊದಲ ಹೆಂಡತಿಯ ಇಬ್ಬರು ಗಂಡುಮಕ್ಕಳೂ ಹೋದರು. ಉಳಿದವನು ಅಸ್ಪೇಸಿಯಾಳ ಮಗ, ಅಪ್ಪನದೇ ಕಾನೂನಿನ ಪ್ರಕಾರ ಹೊರಗಿನವನು. ಪೆರಿಕ್ಲಿಸ್ ಜನರ ಮುಂದೆ ಬೇಡಿಕೊಂಡ. ಅವರು ಕರುಣೆ ತೋರಿ ಹುಡುಗನನ್ನು ಸೇರಿಸಿಕೊಂಡರು. ಆ ಹುಡುಗ ಮುಂದೆ ಸೇನಾಪತಿಯಾದ. ಕ್ರಿ.ಪೂ. 406ರಲ್ಲಿ ಅರ್ಗಿನೂಸಿಯ ನೌಕಾಯುದ್ಧದಲ್ಲಿ ಗೆದ್ದ. ಬಿರುಗಾಳಿಯಲ್ಲಿ ಮುಳುಗುತ್ತಿದ್ದ ತಮ್ಮ ಜನರನ್ನು ಕಾಪಾಡಲಿಲ್ಲ ಅಂತ ಅದೇ ಅಥೆನ್ಸ್ ಅವನನ್ನು ಬೇರೆ ಐವರು ಸೇನಾಪತಿಗಳ ಜೊತೆ ಕೊಂದಿತು.

ಮರಳುಗಾಡಿನ ಗೌಡ

ನಾನು ಇತಿಹಾಸ ಓದಿದವನಲ್ಲ. ಕೊಲ್ಲಿ ದೇಶದಲ್ಲಿ 17 ವರ್ಷದಿಂದ ಇದ್ದೇನೆ. ಇಬ್ಬರು ಮಕ್ಕಳೂ ಇಲ್ಲೇ ಹುಟ್ಟಿದ್ದು. ಅಥೆನ್ಸ್‌ನಲ್ಲಿ ಹೊರಗಿನಿಂದ ಬಂದು ನೆಲೆಸಿದವರ ಗತಿ ಏನಾಗಿತ್ತು? ತಲೆಮಾರು ಕಳೆದರೂ ಹೊರಗಿನವರೇನಾ? ನನಗೆ ಅದನ್ನು ತಿಳಿಯುವ ಆಸೆ.

ಹಳೆಗನ್ನಡಿ

ಗೌಡರೇ, ಹೌದು. ಅವರನ್ನು ‘ಮೆಟಿಕ್’ ಅನ್ನುತ್ತಿದ್ದರು. ಅಲ್ಲೇ ಹುಟ್ಟಿದ ಮಕ್ಕಳೂ ಮೆಟಿಕ್‌ಗಳೇ, ಮೊಮ್ಮಕ್ಕಳೂ ಅಷ್ಟೇ. ಗಂಡಸಿಗೆ ವರ್ಷಕ್ಕೆ 12 ಡ್ರಾಕ್ಮಾ ತಲೆಗಂದಾಯ, ಒಂಟಿಯಾಗಿ ಬದುಕುವ ಹೆಂಗಸಿಗೆ 6. ಜವಾಬ್ದಾರಿ ಹೊರಲು ಒಬ್ಬ ಸ್ಥಳೀಯ ಬೇಕು, ನಿಮ್ಮಲ್ಲಿ ಕಫೀಲ ಇದ್ದ ಹಾಗೆ. ಜಮೀನು, ಮನೆ ಕೊಳ್ಳುವಂತಿಲ್ಲ. ಯುದ್ಧಕ್ಕೆ ಮಾತ್ರ ಹೋಗಬೇಕು. ಕಂದಾಯ ಕಟ್ಟದೆ ಸಿಕ್ಕಿಬಿದ್ದರೆ ಗುಲಾಮನಾಗಿ ಮಾರಬಹುದಿತ್ತು.

ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಮೇಲಿನ ಎರೆಕ್ಥಿಯಮ್ ಗುಡಿ ಕಟ್ಟಿದ ಕೂಲಿಯ ಲೆಕ್ಕ ಉಳಿದಿದೆ. ಪೌರ, ಮೆಟಿಕ್, ಗುಲಾಮ ಮೂವರೂ ಅಕ್ಕಪಕ್ಕ ನಿಂತು ಕಲ್ಲು ಕೆತ್ತಿದ್ದಾರೆ. ಮೂವರಿಗೂ ದಿನಕ್ಕೆ ಒಂದೇ ಡ್ರಾಕ್ಮಾ. ಮಣ್ಣಿನಿಂದ ಹುಟ್ಟಿದ ಆ ಮೂಲಪುರುಷನಿಗೆ ನಂಟಿರುವ ಗುಡಿ ಅದು. ಅದನ್ನು ಕಟ್ಟಿದವರಲ್ಲಿ ಹೆಚ್ಚಿನವರು ಆ ಮಣ್ಣಿನವರೇ ಅಲ್ಲ.

ಭಾಷಣಕಾರ ಲಿಸಿಯಸ್ ಕೂಡ ಮೆಟಿಕ್. ಅಪ್ಪ ಸಿರಾಕ್ಯೂಸ್‌ನಿಂದ ಬಂದವನು, ಮನೆಯದು ಗುರಾಣಿ ಮಾಡುವ ದೊಡ್ಡ ಕಾರ್ಖಾನೆ. ಕ್ರಿ.ಪೂ. 404ರಲ್ಲಿ ಮೂವತ್ತು ಜನ ಸರ್ವಾಧಿಕಾರಿಗಳು ಅಧಿಕಾರ ಹಿಡಿದರು. ದುಡ್ಡಿಗಾಗಿ ಮೊದಲು ಮುಗಿಬಿದ್ದದ್ದು ಮೆಟಿಕ್‌ಗಳ ಮೇಲೆ. ಅವನ ಅಣ್ಣನಿಗೆ ವಿಷ ಕುಡಿಸಿದರು. ಅತ್ತಿಗೆಯ ಕಿವಿಯಲ್ಲಿದ್ದ ಚಿನ್ನದ ಓಲೆಯನ್ನು ಕಿತ್ತುಕೊಂಡರು. ಲಿಸಿಯಸ್ ತಪ್ಪಿಸಿಕೊಂಡು ಪ್ರಜಾಪ್ರಭುತ್ವದ ಪರ ಹೋರಾಡಿದವರಿಗೆ ಹಣ, ಗುರಾಣಿ ಕೊಟ್ಟ. ಗೆದ್ದ ಮೇಲೆ ಅವನಿಗೆ ಪೌರತ್ವ ಕೊಡುವ ಮಾತು ಬಂತು. ನಿಯಮ ಪಾಲಿಸಿಲ್ಲ ಅಂತ ಅದನ್ನು ರದ್ದು ಮಾಡಿದರು. ಸಾಯುವವರೆಗೂ ಅವನು ಹೊರಗಿನವನೇ.

ಶರಾವತಿ

ಅರಿಸ್ಟಾಟಲ್ ಕೂಡ ಸ್ಟಗೀರಾದಿಂದ ಬಂದ ಮೆಟಿಕ್! ಇದನ್ನು ನೆನೆದರೆ ನನಗೆ ಅವನ ಮೇಲಿನ ಸಿಟ್ಟು ಸ್ವಲ್ಪ ಬೇರೆಯಾಗುತ್ತದೆ. ‘ಒಂದು ಕಡೆ ವಾಸ ಮಾಡಿದ ಮಾತ್ರಕ್ಕೆ ಯಾರೂ ಪೌರನಾಗುವುದಿಲ್ಲ’ ಅಂತ ಅವನು ಬರೆದದ್ದು, ತಾನೇ ಒಂದು ಗೇಣು ನೆಲ ಕೊಳ್ಳಲಾಗದ ಊರಿನಲ್ಲಿ ಕೂತು. ಅವನೇ ಕೇಳುವ ಇನ್ನೊಂದು ಪ್ರಶ್ನೆ ಇದೆ. ಅಪ್ಪ ಅಮ್ಮ ಪೌರರಾಗಿದ್ದರೆ ಮಗ ಪೌರ ಅನ್ನುತ್ತೀರಿ, ಸರಿ. ಹಾಗಾದರೆ ಊರು ಕಟ್ಟಿದ ಮೊದಲ ಮುತ್ತಜ್ಜ? ಅವನ ಅಪ್ಪ ಅಮ್ಮ ಯಾವ ಊರಿನ ಪೌರರು?

ನಿವೃತ್ತ ಮೇಷ್ಟ್ರು

ಹೊರಗಿನವರ ಕಥೆ ಆಯಿತು. ಒಳಗಿನವನೇ ಹೊರಗಾದ ಕಥೆ ಒಂದಿದೆ. ಅದನ್ನು ನಿಧಾನವಾಗಿ ಹೇಳಬೇಕು. ಕೋರ್ಟಿಗೆ ಹೋಗುವವರಿಗೆ ಭಾಷಣ ಬರೆದುಕೊಡುತ್ತಿದ್ದ ಡೆಮಾಸ್ತನೀಸನ ಭಾಷಣಗಳಲ್ಲಿ 57ನೆಯದು.

ಕ್ರಿ.ಪೂ. 346ರಲ್ಲಿ ಅಥೆನ್ಸ್ ತನ್ನ ಪೌರರ ಪಟ್ಟಿಯನ್ನೆಲ್ಲ ಮತ್ತೆ ಪರೀಕ್ಷಿಸಲು ತೀರ್ಮಾನ ಮಾಡಿತು. ಪ್ರತಿ ಊರಿನವರು ಸೇರಿ, ಒಬ್ಬೊಬ್ಬರ ಹೆಸರು ಓದಿ, ಇವನು ನಮ್ಮವನೋ ಅಲ್ಲವೋ ಅಂತ ಮತ ಹಾಕಬೇಕು. ಹಲಿಮಸ್ ಅನ್ನುವ ಊರಿನಲ್ಲಿ ಯೂಕ್ಸಿಥಿಯಸ್ ಎಂಬುವನಿದ್ದ. ಅವನಿಗಾಗದ ಯೂಬುಲಿಡಿಸ್ ಸಭೆ ನಡೆಸಿದ. ಸಭೆ ಸೇರಿದ್ದು ಪಟ್ಟಣದಲ್ಲಿ, ಊರಿಗೆ 35 ಸ್ಟೇಡಿಯ, ಅಂದರೆ ಸುಮಾರು ಆರು ಕಿಲೋಮೀಟರ್ ದಾರಿ. ಸುಮ್ನೆ ಹೊತ್ತು ಕಳೆದು, ಕತ್ತಲಾದ ಮೇಲೆ ಇವನ ಹೆಸರು ಕರೆದ. ವಯಸ್ಸಾದವರೆಲ್ಲ ಮನೆಗೆ ಹೊರಟುಹೋಗಿದ್ದರು. ಉಳಿದವರು ಮೂವತ್ತಕ್ಕಿಂತ ಹೆಚ್ಚಿಲ್ಲ. ಎಣಿಸಿದಾಗ ಸಿಕ್ಕ ಮತ ಅರವತ್ತಕ್ಕಿಂತ ಜಾಸ್ತಿ! ಹೆಸರು ಹೊಡೆದು ಹಾಕಿದರು. ಅವನು ಕೋರ್ಟಿಗೆ ಹೋದ. ಅಲ್ಲಿ ಸೋತರೆ ಗುಲಾಮನಾಗಿ ಮಾರಾಟ.

ಅವನ ಮೇಲಿನ ಆರೋಪ ಏನು? ಒಂದು, ಅಪ್ಪನ ಮಾತಿನ ಧಾಟಿ ಹೊರಗಿನವರ ಥರ ಇತ್ತು. ಯೂಕ್ಸಿಥಿಯಸ್ ಉತ್ತರ ಕೊಡುತ್ತಾನೆ: ಹೌದು, ಇತ್ತು. ಸ್ಪಾರ್ಟಾದ ಜೊತೆ ಯುದ್ಧದಲ್ಲಿ ಶತ್ರುಗಳು ಹಿಡಿದು ಲ್ಯೂಕಸ್ ದ್ವೀಪದಲ್ಲಿ ಮಾರಿಬಿಟ್ಟರು. ಬಹಳ ವರ್ಷದ ಮೇಲೆ ಮನೆಗೆ ಮರಳಿದ. ಈ ಊರಿಗಾಗಿ ಕಷ್ಟಪಟ್ಟದ್ದಕ್ಕೆ ಈ ಊರಿನಿಂದಲೇ ಹೊರಹಾಕುತ್ತೀರಾ?

ಎರಡು, ತಾಯಿ ನಿಕರೆಟೆ ಸಂತೆಯಲ್ಲಿ ರಿಬ್ಬನ್ ಮಾರುತ್ತಾಳೆ. ಹಿಂದೆ ಬೇರೆಯವರ ಮಗುವಿಗೆ ಹಾಲೂಡಿಸುವ ದಾದಿಯಾಗಿದ್ದಳು. ಇಂಥ ಕೆಲಸ ಮಾಡುವವಳು ಅಥೆನ್ಸ್‌ನವಳು ಹೇಗಾಗುತ್ತಾಳೆ ಅನ್ನುವುದು ಎದುರಾಳಿಯ ಮಾತು. ಮಗ ಏನನ್ನೂ ಮುಚ್ಚಿಡುವುದಿಲ್ಲ. ಮಾರುತ್ತೇವೆ, ಬಯಸಿದ ಬದುಕಲ್ಲ ನಮ್ಮದು. ಗಂಡ ಯುದ್ಧಕ್ಕೆ ಹೋಗಿದ್ದ, ಎರಡು ಮಕ್ಕಳು, ಹೊಟ್ಟೆಪಾಡು. ಊರಿಗೆ ಕೇಡು ಬಂದ ಆ ಕಾಲದಲ್ಲಿ ಎಷ್ಟೋ ಪೌರ ಹೆಂಗಸರು ದಾದಿಯರಾದರು, ನೇಯ್ದರು, ದ್ರಾಕ್ಷಿ ಕೊಯ್ಯಲು ಕೂಲಿಗೆ ಹೋದರು. ಸಂತೆಯಲ್ಲಿ ದುಡಿಯುತ್ತಾರೆ ಅಂತ ಹೀಯಾಳಿಸುವವನಿಗೆ ದಂಡ ಹಾಕುವ ಕಾನೂನು ನಿಮ್ಮದೇ ಇದೆಯಲ್ಲ. ಅವಳು ಹೊರಗಿನವಳಾಗಿದ್ದರೆ ಹೊರಗಿನವರು ಕಟ್ಟುವ ಸಂತೆ ಸುಂಕ ಕಟ್ಟಿರಬೇಕಿತ್ತು, ಆ ಲೆಕ್ಕ ತೋರಿಸಿ.

ಜನನ ಪ್ರಮಾಣಪತ್ರ ಇಲ್ಲದ ಕಾಲ. ಅವನ ಪುರಾವೆ ನೆಂಟರ ಸಾಕ್ಷಿ, ಅಪ್ಪನ ಜೊತೆ ಒಂದೇ ಕುಲದೇವರಿಗೆ ನಡೆದುಕೊಂಡವರ ಸಾಕ್ಷಿ, ಒಂದೇ ಕಡೆ ಇರುವ ಮನೆತನದ ಸಮಾಧಿಗಳು. ಶರಾವತಿಯವರೇ, ಅವನ ಮೈಬಣ್ಣವಾಗಲಿ ಮುಖಚಹರೆಯಾಗಲಿ ಇಡೀ ಭಾಷಣದಲ್ಲಿ ಬರುವುದಿಲ್ಲ. ಬಡತನ ಮತ್ತು ಮಾತಿನ ಧಾಟಿ, ಎರಡೇ ಸಾಕಾಯಿತು. ತೀರ್ಪು ಏನಾಯಿತು ಅನ್ನುವುದು ಯಾವ ದಾಖಲೆಯಲ್ಲೂ ಉಳಿದಿಲ್ಲ.

ಕಡಲತೀರದ ಓದುಗ

ಆಕ್ಸಿರಿಂಕಸ್ ಅಂದ ಕೂಡಲೇ ಕನ್ನಡಿಗರು ಯಾರೂ ಆ ನಾಟಕದ ಮಾತು ಎತ್ತಲಿಲ್ಲ, ನಾನೇ ಎತ್ತುತ್ತೇನೆ. 1903ರಲ್ಲಿ ಪ್ರಕಟವಾದ ಅಲ್ಲಿನ 413ನೇ ಪಪೈರಸ್ (ಜೊಂಡಿನ ಹಾಳೆ) ಒಂದು ಗ್ರೀಕ್ ಪ್ರಹಸನ, ಹಾಳೆ ಕ್ರಿ.ಶ. 2ನೇ ಶತಮಾನದ್ದು. ಕಾರಿಶನ್ ಎಂಬ ಗ್ರೀಕ್ ಹೆಣ್ಣುಮಗಳು ಇಂಡಿಯಾದ ಕಡಲತೀರದಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಅಣ್ಣ ಬಂದು ಅಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಬಿಡಿಸಿಕೊಂಡು ಹೋಗುತ್ತಾನೆ. ರಾಜ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಅಂತ ಜರ್ಮನಿಯ ವಿದ್ವಾಂಸ ಹುಲ್ಟ್ಷ್ 1904ರಲ್ಲೇ ಸೂಚಿಸಿದ. ನಮ್ಮ ಶಾಮಶಾಸ್ತ್ರಿ, ಗೋವಿಂದ ಪೈ ಅವರೂ ಈ ಚರ್ಚೆಗೆ ಇಳಿದರು. ತುಳು ಅಂದವರಿದ್ದಾರೆ. ಸುಮ್ಮನೆ ನಗಿಸಲು ಹೊಸೆದ ಶಬ್ದಗಳು ಅನ್ನುವವರೂ ಇದ್ದಾರೆ. ನಾನು ಈ ಕೊನೆಯವರ ಕಡೆಗೇ ವಾಲುತ್ತೇನೆ, ಆಸೆ ಬೇರೆಯೇ ಹೇಳಿದರೂ. ಆದರೆ ಒಂದು ವೇಳೆ ಅದು ಕನ್ನಡವೇ ಆಗಿದ್ದರೆ, ಮೇಷ್ಟ್ರು ಹೇಳಿದ ಆ ‘ಬರ್ ಬರ್’ ನಮ್ಮದೇ ನುಡಿ.

ಇದಕ್ಕೆ ತದ್ವಿರುದ್ಧವಾದದ್ದೂ ಒಂದಿದೆ. ಕಂದಹಾರದಲ್ಲಿ ಸಿಕ್ಕ ಒಂದು ಗ್ರೀಕ್ ಶಾಸನದಲ್ಲಿ ನರಟೋಸ್‌ನ ಮಗ ಸೊಫೈಟೋಸ್ ತನ್ನ ಕಥೆಯನ್ನು ಪದ್ಯದಲ್ಲಿ ಹೇಳಿಕೊಂಡಿದ್ದಾನೆ. ಎರಡೂ ಹೆಸರು ಗ್ರೀಕ್ ಅಲ್ಲ, ಭಾರತೀಯ ಹೆಸರಿನ ಗ್ರೀಕ್ ರೂಪ ಅಂತ ಹೇಳುತ್ತಾರೆ. ಮನೆತನ ಹಾಳಾಯಿತು, ಸಾಲ ಮಾಡಿ ವ್ಯಾಪಾರಕ್ಕೆ ಹೋದೆ, ಗಳಿಸಿ ಬಂದು ಮನೆ, ಸಮಾಧಿ ಮತ್ತೆ ಕಟ್ಟಿಸಿದೆ ಅನ್ನುತ್ತಾನೆ. ಸಾಲುಗಳ ಮೊದಲ ಅಕ್ಷರ ಕೂಡಿಸಿದರೆ ಅವನ ಹೆಸರೇ ಬರುತ್ತದೆ. ಅಷ್ಟು ಒಳ್ಳೆಯ ಗ್ರೀಕ್. ಕ್ರಿ.ಪೂ. 380ರ ಸುಮಾರಿಗೆ ಅಥೆನ್ಸ್‌ನ ಭಾಷಣಕಾರ ಇಸಾಕ್ರಟೀಸ್ ‘ಹೆಲೆನರು ಅನ್ನುವ ಹೆಸರು ಈಗ ರಕ್ತದ್ದಲ್ಲ, ನಮ್ಮ ಕಲಿಕೆ ಪಡೆದವರದು’ ಅಂತ ಬರೆದಿದ್ದ. ಅಥೆನ್ಸ್‌ನ ಹಿರಿಮೆ ಹೊಗಳಲು ಆಡಿದ ಮಾತು ಅದು. ಕಂದಹಾರದಲ್ಲಿ ಒಬ್ಬ ವ್ಯಾಪಾರಿ ಅದನ್ನು ನಿಜ ಮಾಡಿದ.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳು ರಾತ್ರಿ ಕೂತು ಎಲ್ಲ ಓದಿದಳು. ರಿಬ್ಬನ್ ಮಾರುವ ತಾಯಿ ಅವಳ ಮನಸ್ಸಿನಿಂದ ಹೋಗುತ್ತಿಲ್ಲ. ನಿಕರೆಟೆ ಕೋರ್ಟಿನಲ್ಲಿ ಏನು ಹೇಳಿದಳು ಅಂತ ಕೇಳುತ್ತಿದ್ದಾಳೆ, ಮೇಷ್ಟ್ರೇ.

ನಿವೃತ್ತ ಮೇಷ್ಟ್ರು

ಏನೂ ಹೇಳಲಿಲ್ಲಮ್ಮ. ಅಥೆನ್ಸ್‌ನ ಕೋರ್ಟಿನಲ್ಲಿ ಹೆಂಗಸರು ಸಾಕ್ಷಿ ಹೇಳುವಂತಿರಲಿಲ್ಲ. ಅವಳು ಯಾರು ಅಂತ ಹೇಳಿದ್ದು ಅವಳ ತವರಿನ ಕಡೆಯ ಗಂಡಸರು. ಭಾಷಣದ ಕೊನೆಯಲ್ಲಿ ಮಗ ನ್ಯಾಯ ಹೇಳುವವರನ್ನು ಬೇಡಿಕೊಳ್ಳುತ್ತಾನೆ. ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋದ. ಅಮ್ಮನನ್ನು ನನಗೆ ಉಳಿಸಿಕೊಡಿ, ನಾಳೆ ಅವಳನ್ನು ನಮ್ಮ ಹಿರಿಯರ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಬೇಕು ಅನ್ನುತ್ತಾನೆ.